ಹೆಬ್ಬೆರಳಗಲ ಕಬ್ಬಿಣ

ಕೊಚ್ಚಿಯ ಕಲೂರಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ತೇಗದ ಬಾಗಿಲು ಮೂರಿದ್ದವು. ತೇಗ ಮಾತ್ರ ಒಂದು ಚೂರೂ ಇರಲಿಲ್ಲ. ಎದುರಿನ ಬಾಗಿಲು ಕಬ್ಬಿಣದ ತಗಡು, ಅಡುಗೆಕೋಣೆಯದು ಪ್ಲೈವುಡ್ಡು, ಬಚ್ಚಲಿನದು ಯಾವುದೋ ಅಂಗಡಿಯ ಹಳೆ ಬೋರ್ಡು ಕತ್ತರಿಸಿ ಮಾಡಿದ್ದು. ಮೂರಕ್ಕೂ ಅಪ್ಪ ತೇಗ ಬರೆದಿದ್ದ. ಬರೆದಿದ್ದ ಎಂದೇ ಹೇಳಬೇಕು. ಕಂದು ಬಣ್ಣ ಬಳಿದು ಕೈ ತೊಳೆದುಕೊಳ್ಳುವ ಕೆಲಸ ಅದಾಗಿರಲಿಲ್ಲ. ಮರ ವರ್ಷ ವರ್ಷ ಬೆಳೆದ ಗೆರೆ, ಗೆರೆಗಳ ನಡುವೆ ಕೂದಲೆಳೆಯಷ್ಟು ಸಣ್ಣ ಗೀರು, ಗರಗಸ ಓರೆಯಾಗಿ ಹಾದುಹೋದಲ್ಲಿ ಏಳುವ ಸುಳಿ, ಹಲಗೆಗೆ ಹಲಗೆ ಕೂಡಿಸಿದ ಸಂದು, ಎಲ್ಲವೂ ಇರುತ್ತಿತ್ತು. ತಲೆಯ ಮೇಲಿನ ಸಿಮೆಂಟ್ ಶೀಟು ಒಳಗಿನಿಂದ ನೋಡಿದರೆ ಹಲಸಿನ ಹಲಗೆ. ಅಮ್ಮನ ಮದುವೆಯ ಕಬ್ಬಿಣದ ಟ್ರಂಕು ಬೀಟೆ ಮರ. ನೀರು ತುಂಬುವ ಪ್ಲಾಸ್ಟಿಕ್ ಡ್ರಮ್ಮಿಗೂ ಅಪ್ಪ ಒಮ್ಮೆ ಬ್ರಶ್ ಹಿಡಿದುಕೊಂಡು ಬಂದಿದ್ದ. ಅಮ್ಮ ಅಡ್ಡ ನಿಂತದ್ದರಿಂದ ಅದೊಂದು ನೀಲಿಯಾಗಿಯೇ ಉಳಿಯಿತು. ಮನೆಯಲ್ಲಿ ತಾನೇನೋ ಅದೇ ಆಗಿ ಕಾಣುತ್ತಿದ್ದ ಏಕೈಕ ವಸ್ತು ಆ ಡ್ರಮ್ಮು.

ಅಪ್ಪನ ಹೆಸರು ಬಾಬು. ಕಾಸರಗೋಡಿನ ಕುಂಬಳೆ ಕಡೆಯವನು, ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಗೋಡೆಗೆ ಸುಣ್ಣ ಹೊಡೆಯಲು ಕೊಚ್ಚಿಗೆ ಬಂದು, ಅಲ್ಲಿ ಯಾರದೋ ಕೈ ನೋಡಿ ಮರ ಬರೆಯುವುದನ್ನು ಕಲಿತ. ಆಗ ಮನೆ ಕಟ್ಟುವವರು ಬಾಗಿಲನ್ನು ವೆಲ್ಡಿಂಗ್ ಅಂಗಡಿಯಲ್ಲಿ ತಗಡಿನಿಂದ ಮಾಡಿಸುತ್ತಿದ್ದರು, ಆದರೆ ನೋಡಿದವರಿಗೆ ತೇಗವೇ ಕಾಣಬೇಕು ಎನ್ನುತ್ತಿದ್ದರು. ಈಗ ಕಾರ್ಖಾನೆಯಿಂದಲೇ ಮರದ ಗೆರೆ ಅಚ್ಚಾದ ಬಾಗಿಲುಗಳು ಬರುತ್ತವೆ, ಒಂದರ ಗೆರೆ ಇನ್ನೊಂದರಲ್ಲೂ ಅದೇ. ಅಪ್ಪ ಬರೆದ ಎರಡು ಬಾಗಿಲು ಒಂದೇ ತರ ಇದ್ದದ್ದನ್ನು ನಾನು ನೋಡಿಲ್ಲ. ಕಬ್ಬಿಣಕ್ಕೆ ಮೊದಲು ತುಕ್ಕು ಹಿಡಿಯದ ಹಾಗೆ ರೆಡ್ ಆಕ್ಸೈಡ್, ಅದರ ಮೇಲೆ ಮಣ್ಣುಹಳದಿ ಪೇಂಟು. ಅದು ಒಣಗಿದ ಮೇಲೆ ಕಂದು ಪುಡಿಯನ್ನು ಗಂಜಿತೆಳಿಯಲ್ಲಿ ಕಲಸಿ ತೆಳ್ಳಗೆ ಹಚ್ಚುವುದು. ಅನ್ನ ಬಸಿದ ತಿಳಿ ಇದೆಯಲ್ಲ, ಅದೇ ಗಂಜಿತೆಳಿ. ಅದು ಹಸಿ ಇರುವಾಗಲೇ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಬಾಚಣಿಗೆ ಎಳೆದರೆ ಗೆರೆ ಏಳುತ್ತದೆ. ತಪ್ಪಿದರೆ ಒದ್ದೆ ಬಟ್ಟೆಯಿಂದ ಒಂದು ಸಲ ಒರೆಸಿದರೆ ಸಾಕು, ಮರವೆಲ್ಲ ಮಾಯ. ಸರಿಯಾಯಿತು ಅನ್ನಿಸಿದರೆ ಒಣಗಲು ಬಿಟ್ಟು ಮೇಲೆ ವಾರ್ನಿಷ್. ವಾರ್ನಿಷ್ ಬಿದ್ದ ಮೇಲೆ ದೇವರೇ ಬಂದರೂ ಅಳಿಸಲಿಕ್ಕಾಗುವುದಿಲ್ಲ.

ಈ ಗಂಜಿತೆಳಿಯೇ ನಮ್ಮ ಮನೆಯ ದಿನನಿತ್ಯದ ಜಗಳ. ಅಮ್ಮನ ಹೆಸರು ಸುಂದರಿ. ಕಲೂರಿನಲ್ಲಿದ್ದ ಕನ್ನಡದ ಬ್ಯಾಂಕ್ ಅಧಿಕಾರಿಯೊಬ್ಬರ ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ಅಲ್ಲಿ ಬೆಳ್ತಿಗೆ ಅಕ್ಕಿಯ ಬಿಳಿ ಅನ್ನ, ಸಾರು, ಹುಳಿ. ನಮ್ಮಲ್ಲಿ ಕುಚ್ಚಲಕ್ಕಿಯ ಗಂಜಿ, ಒಣಮೀನಿನ ಚಟ್ನಿ, ಅಪರೂಪಕ್ಕೆ ಒಂದು ತುಂಡು ಬಂಗುಡೆ. ಅಮ್ಮ ತೆಳಿಗೆ ಉಪ್ಪು ಹಾಕಿ ನನಗೆ ಕುಡಿಸಲು ಪಾತ್ರೆಯಲ್ಲಿ ಎತ್ತಿಡುತ್ತಿದ್ದಳು, ಅಪ್ಪ ಅದನ್ನು ಬಾಟಲಿಗೆ ಸುರಿದುಕೊಂಡು ಸೈಕಲ್ ಹತ್ತಿ ಹೋಗಿಬಿಡುತ್ತಿದ್ದ. ಸಂಜೆ ಬಂದ ಕೂಡಲೇ ವಿಚಾರಣೆ.

"ಮಾರಾಯ್ರೆ, ಮಗುವಿಗೆ ಇಟ್ಟ ತೆಳಿ ಎಲ್ಲಿ ಹೋಯ್ತು?"

"ಎಡಪ್ಪಳ್ಳಿಯಲ್ಲಿ ಒಂದು ಬಾಗಿಲು ಕುಡೀತು."

"ಬಾಗಿಲಿಗೆ ನೆಂಜಿಕೊಳ್ಳಲಿಕ್ಕೆ ಉಪ್ಪಿನಕಾಯಿ ಬೇಡ್ವಾ? ಅದನ್ನೂ ಹಿಡ್ಕೊಂಡು ಹೋಗಿ ನಾಳೆ."

"ಬಾಗಿಲು ನಿನ್ನ ಹಾಗಲ್ಲ ಮಾರಾಯ್ತಿ, ಕೊಟ್ಟದ್ದನ್ನು ಮಾತಾಡದೆ ಕುಡೀತದೆ."

ನಾನು ಜಯ, ಇವರ ಒಬ್ಬಳೇ ಮಗಳು. ಈ ಜಗಳದ ನಡುವೆ ಕುಳಿತು ಉಣ್ಣುತ್ತಿದ್ದವಳು. ನಮ್ಮ ಮನೆಯಲ್ಲಿ ಕಣ್ಣನ್ನು ಯಾರೂ ನಂಬುತ್ತಿರಲಿಲ್ಲ. ಅಮ್ಮ ತೆಂಗಿನಕಾಯಿಯನ್ನು ತಟ್ಟಿ ಕೊಳ್ಳುತ್ತಿದ್ದಳು, ಹಲಸಿನ ಹಣ್ಣನ್ನು ತಟ್ಟಿ ಕೊಳ್ಳುತ್ತಿದ್ದಳು. ಅಪ್ಪ ಬೇರೆಯವರ ಮನೆಗೆ ಹೋದರೆ ಮೊದಲು ಎರಡು ಬೆರಳಿನ ಗೆಣ್ಣಿನಿಂದ ಅವರ ಬಾಗಿಲನ್ನು ತಟ್ಟಿ, ಕಿವಿಯಿಟ್ಟು, ಆಮೇಲೆ ಚಪ್ಪಲಿ ಬಿಡುತ್ತಿದ್ದ. ಶಾಲೆಗೆ ಸೇರಿದ ಮೊದಲ ದಿನ ನಾನು ಟೀಚರ ಮೇಜನ್ನು ತಟ್ಟಿ ನೋಡಿ ಬೈಸಿಕೊಂಡೆ. ಅದು ನಿಜವಾದ ಮರವಾಗಿತ್ತು. ನಿಜವಾದ ಮರದ ಸದ್ದು ಅಷ್ಟು ಮೊದ್ದಾಗಿರುತ್ತದೆ ಎಂದು ನನಗೆ ಆವತ್ತೇ ಗೊತ್ತಾದದ್ದು.

ಅಪ್ಪನದ್ದೊಂದು ಪದ್ಧತಿ ಇತ್ತು. ಬಾಗಿಲು ಎಷ್ಟೇ ದೊಡ್ಡ ಮನೆಯದಿರಲಿ, ನಡುವಿನ ಬಿಜಾಗರಿಯ ಪಕ್ಕದ ಅಂಚಿನಲ್ಲಿ, ಬಾಗಿಲು ಪೂರ್ತಿ ತೆರೆದರೆ ಮಾತ್ರ ಕಾಣುವ ಕಡೆ, ಹೆಬ್ಬೆರಳಗಲ ಜಾಗವನ್ನು ಬರೆಯದೆ ಬಿಡುತ್ತಿದ್ದ. ಅಲ್ಲಿ ಕೆಂಪು ರೆಡ್ ಆಕ್ಸೈಡ್, ಅದರ ಕೆಳಗೆ ಬರೀ ಕಬ್ಬಿಣ. ಮರೆತು ಬಿಟ್ಟದ್ದೆಂದು ನಾನು ಒಮ್ಮೆ ತೋರಿಸಿಕೊಟ್ಟೆ, ದೊಡ್ಡ ತಪ್ಪು ಹಿಡಿದವಳ ಹಾಗೆ. ಅಪ್ಪ ನಕ್ಕ.

"ಇದು ಮರವಾ ಅಂತ ಯಾರಾದ್ರೂ ಕೇಳಿದ್ರೆ ತೋರಿಸ್ಲಿಕ್ಕೆ ಒಂದು ಜಾಗ ಬೇಕಲ್ಲ ಮಗಾ. ಅದು ಇದ್ರೆ ನಮ್ಮದು ಕೆಲಸ. ಅದು ಇಲ್ಲದಿದ್ರೆ ಮೋಸ."

ನನಗೆ ಬ್ರಶ್ ಬೇಕಾಗಿತ್ತು. ಹೊಸ ಫ್ರಾಕಾಗಲಿ ಗೊಂಬೆಯಾಗಲಿ ನಾನು ಕೇಳಿದ ನೆನಪಿಲ್ಲ, ಬ್ರಶ್ಶನ್ನು ಮಾತ್ರ ದಿನಾ ಕೇಳುತ್ತಿದ್ದೆ. ಅಪ್ಪ ಬಾಚಣಿಗೆ ತೊಳೆಯಲು ಕೊಡುತ್ತಿದ್ದ, ಟ್ಯೂಬಿಗೆ ಬ್ಲೇಡಿನಲ್ಲಿ ಹಲ್ಲು ಕತ್ತರಿಸಲು ಕೊಡುತ್ತಿದ್ದ, ಪುಡಿ ಸೋಸಲು ಕೊಡುತ್ತಿದ್ದ. ಬಾಗಿಲ ಹತ್ತಿರ ಹೋದರೆ ಮಾತ್ರ ಒಂದೇ ಉತ್ತರ, "ಆ ಕೈ ಪುಸ್ತಕಕ್ಕೆ ಇರ್ಲಿ." ಇದರ ಹಿಂದೆ ಅಮ್ಮನ ಕೈವಾಡವಿತ್ತು. ಅಮ್ಮನಿಗೆ ಡಿಗ್ರಿ ಬೇಕಿತ್ತು. ಆ ಶಬ್ದವನ್ನು ಅವಳು ದೂರದ ಊರಿಂದ ಬರಬೇಕಾದ ನೆಂಟರ ಹೆಸರಿನ ಹಾಗೆ ಹೇಳುತ್ತಿದ್ದಳು. ಬ್ಯಾಂಕ್ ಅಧಿಕಾರಿಯ ಹೆಂಡತಿ ಸರೋಜಕ್ಕ ಮೈಸೂರಿನವರು, ಎರಡು ಡಿಗ್ರಿ ಪಡೆದವರು. ಅವರ ಮನೆಯ ಗೋಡೆಯಲ್ಲಿ ಆ ಎರಡೂ ಕಟ್ಟು ಹಾಕಿ ತೂಗುತ್ತಿದ್ದವು. ಅಮ್ಮ ನೆಲ ಒರೆಸುವಾಗ ಅವುಗಳ ಗಾಜನ್ನೂ ಒರೆಸಿ ಬರುತ್ತಿದ್ದಳು, ಅದು ಅವಳ ಕೆಲಸವಲ್ಲದಿದ್ದರೂ. ಹೊರಗೆಲ್ಲ ಮಲಯಾಳಂ ಮಾತಾಡಿ, ಅಮ್ಮನ ಕನ್ನಡಕ್ಕೂ ಮಲಯಾಳದಲ್ಲೇ ಉತ್ತರ ಕೊಡುತ್ತಿದ್ದ ನನ್ನನ್ನು ತಮ್ಮ ಅಡುಗೆಮನೆಯ ನೆಲದ ಮೇಲೆ ಕೂರಿಸಿ, ಸೀಮೆಸುಣ್ಣದಲ್ಲಿ ಕನ್ನಡ ಅಕ್ಷರ ತಿದ್ದಿಸಿದವರು ಸರೋಜಕ್ಕ. ನಾನು ಈಗ ಬರೆಯುತ್ತಿರುವ ಈ ಅಕ್ಷರಗಳು ಅವರು ಕೊಟ್ಟವು.

ಬ್ರಶ್ ಸಿಗದವಳು ತಟ್ಟೆ ಹಿಡಿದೆ. ಗಂಜಿ ಉಂಡಾದ ಮೇಲೆ ಸ್ಟೀಲ್ ತಟ್ಟೆಯಲ್ಲಿ ತೆಳಿಯ ಒಂದು ಪದರ ಉಳಿಯುತ್ತದೆ. ಅದಕ್ಕೆ ಉಪ್ಪಿನಕಾಯಿಯ ಕೆಂಪು ರಸ ಬಿಟ್ಟರೆ ಬಣ್ಣ ಸಿದ್ಧ. ಬೆರಳುಗಳನ್ನೇ ಬಾಚಣಿಗೆ ಮಾಡಿ ಗೆರೆ ಎಳೆಯುತ್ತಿದ್ದೆ. ಒಂದು ದಿನ ಹೆಬ್ಬೆರಳನ್ನು ಒತ್ತಿ ಹಾಗೇ ತಿರುಗಿಸಿದೆ. ಬೆರಳು ತೆಗೆದಾಗ ಅಲ್ಲಿ ಒಂದು ಗಂಟು ಇತ್ತು. ಕೊಂಬೆ ಮುರಿದ ಜಾಗದಲ್ಲಿ ಮರದೊಳಗೆ ಉಳಿಯುತ್ತದಲ್ಲ, ಸುತ್ತು ಸುತ್ತಾಗಿ, ನಡುವೆ ಕಪ್ಪಾಗಿ, ಅಂಥದ್ದು. ಹೆಬ್ಬೆರಳಿನ ಗೆರೆಗಳೇ ಮರದ ಗೆರೆಗಳಾಗಿದ್ದವು. ಅಪ್ಪನ ಯಾವ ಬಾಗಿಲಿನಲ್ಲೂ ಗಂಟು ಇರಲಿಲ್ಲ. ಅಪ್ಪನಿಗೆ ಇದು ಬರುವುದಿಲ್ಲ, ನನಗೆ ಮಾತ್ರ ಬರುತ್ತದೆ ಎಂದು ನಾನು ನಂಬಿದೆ.

"ಉಣ್ಣುದಾ, ಬರೆಯುದಾ?" ಎಂದು ಅಮ್ಮ ತಲೆಗೊಂದು ಕುಟ್ಟಿದಳು.

ನಾನು ಐದನೆಯ ಕ್ಲಾಸು ಮುಗಿಸಿದ ಬೇಸಗೆ ರಜೆಯಲ್ಲಿ ಅಪ್ಪನಿಗೆ ತಿರುವನಂತಪುರದ ಕೆಲಸ ಬಂತು. ಕಳಕ್ಕೂಟಂನಲ್ಲಿ ಹೊಸ ಮನೆ. ಈಗ ಅಲ್ಲಿ ನಿಂತರೆ ಐಟಿ ಪಾರ್ಕಿನ ಗಾಜು, ಫ್ಲ್ಯಾಟು, ಹಾಸ್ಟೆಲ್ಲುಗಳ ಬೋರ್ಡು ಬಿಟ್ಟು ಏನೂ ಕಾಣುವುದಿಲ್ಲ. ಆಗ ತೆಂಗಿನ ತೋಟದ ನಡುವೆ ಅದೊಂದೇ ಮನೆ. ಯಜಮಾನರನ್ನು ಎಲ್ಲರೂ ಸಾರ್ ಎನ್ನುತ್ತಿದ್ದರು. ಪಕ್ಕದ ತುಂಬಾ ಎಂಬ ಊರಿನ ಬಾಹ್ಯಾಕಾಶ ಕೇಂದ್ರದಲ್ಲಿ ಅವರಿಗೆ ರಾಕೆಟ್ಟಿನ ಕೆಲಸ. ಸಾರ್ ತಮ್ಮ ತಾಯಿಯನ್ನು ಹಳೆಯ ಮನೆಯಿಂದ ಇಲ್ಲಿಗೆ ಕರೆತರಬೇಕಿತ್ತು. ಆ ಅಜ್ಜಿ, ನಾವೆಲ್ಲ ಕರೆದಂತೆ ಅಮ್ಮೂಮ್ಮ, ಎದುರಿನ ಬಾಗಿಲು ತೇಗದ್ದಾದರೆ ಮಾತ್ರ ಬರುತ್ತೇನೆ ಎಂದಿದ್ದರಂತೆ. ಸಾರ್ ಹೂಂ ಅಂದು, ಬಾಗಿಲನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ, ಅಪ್ಪನನ್ನು ಕರೆಸಿದ್ದರು.

"ಬಾಬು, ಅಮ್ಮನಿಗೆ ಯಾವ ಕಾರಣಕ್ಕೂ ಗೊತ್ತಾಗಬಾರದು," ಎಂದು ಅವರು ಮಲಯಾಳದಲ್ಲಿ ಪಿಸುಗುಟ್ಟಿದ್ದು ನನಗೆ ನೆನಪಿದೆ. ತಾಯಿ ಇದ್ದದ್ದು ಹತ್ತು ಮೈಲು ದೂರದಲ್ಲಿ.

"ನೋಡಿದರೆ ಗೊತ್ತಾಗುವುದಿಲ್ಲ ಸಾರ್. ಆದರೆ ಬಿಜಾಗರಿಯ ಹತ್ತಿರ ಒಂಚೂರು ಬಿಡುತ್ತೇನೆ. ಅದು ನನ್ನ ಪದ್ಧತಿ."

"ಅಲ್ಲಿ ಯಾರು ಇಣುಕುತ್ತಾರೆ? ಬಿಡು ಬೇಕಾದರೆ."

ಕೆಲಸ ಮುಗಿಯುವವರೆಗೆ ನಾವು ಮೂವರೂ ಆ ಮನೆಯ ಅಡುಗೆಕೋಣೆಯಲ್ಲೇ ಇದ್ದೆವು. ಸರೋಜಕ್ಕ ಊರಿಗೆ ಹೋಗಿದ್ದರಿಂದ ಅಮ್ಮನಿಗೆ ಬಿಡುವಿತ್ತು. ಹಸಿ ಸಿಮೆಂಟಿನ ವಾಸನೆ, ಕಿಟಕಿಗಳಿಗಿನ್ನೂ ಗಾಜಿಲ್ಲ, ಮೂರು ಕಲ್ಲಿಟ್ಟು ಒಲೆ. ನನ್ನ ಜೀವನದಲ್ಲಿ ನಾನು ಮೊದಲ ಸಲ ಇದ್ದ ದೊಡ್ಡ ಮನೆ ಅದು. ಅದರ ಎದುರಿನ ಬಾಗಿಲಿಗೆ ಅಪ್ಪ ಕೈ ಹಾಕಿದ್ದು ಕೊನೆಯ ದಿನಗಳಲ್ಲಿ. ಬೆಳಗಿನಿಂದ ಹಚ್ಚಿ, ಎಳೆದು, ಒರೆಸಿ, ಮತ್ತೆ ಹಚ್ಚಿ, ಮಧ್ಯಾಹ್ನದ ಹೊತ್ತಿಗೆ ಒಂದು ತೇಗ ಎದ್ದು ನಿಂತಿತು. ಅಮ್ಮ ಊಟಕ್ಕೆ ಕರೆದಳು. ಅಪ್ಪ ಕೈಕಾಲು ತೊಳೆಯಲು ಬಾವಿಕಟ್ಟೆಗೆ ಹೋದ. ನಾನು ಬಾಚಣಿಗೆ ತೊಳೆಯಬೇಕಾದವಳು, ಅದನ್ನು ಹಿಡಿದುಕೊಂಡು ಬಾಗಿಲ ಎದುರು ನಿಂತೆ. ಬಣ್ಣ ಇನ್ನೂ ಹಸಿಯಿತ್ತು. ಇನ್ನೊಂದು ಸ್ವಲ್ಪ ಹೊತ್ತಿಗೆ ಒಣಗಿಬಿಡುತ್ತದೆ, ಆಮೇಲೆ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಬಣ್ಣದ ಖಾಲಿ ಡಬ್ಬಿ ಬೋರಲು ಹಾಕಿ ಹತ್ತಿದೆ. ಹೆಬ್ಬೆರಳು ಒತ್ತಿದೆ, ತಿರುಗಿಸಿದೆ. ಆಮೇಲೆ ಬಾಚಣಿಗೆಯ ತುದಿಯಿಂದ ಅಪ್ಪನ ಗೆರೆಗಳನ್ನು ಗಂಟಿನ ಎರಡೂ ಬದಿಗೆ ಬಾಗಿಸಿದೆ, ತೋಡಿನಲ್ಲಿ ಕಲ್ಲು ಸಿಕ್ಕಿದಾಗ ನೀರು ಸರಿದು ಹೋಗುತ್ತದಲ್ಲ, ಹಾಗೆ. ಕೆಳಗಿಳಿದು ನೋಡಿದೆ. ಅದು ನಾನು ಮಾಡಿದ್ದು ಅನ್ನಿಸಲೇ ಇಲ್ಲ. ಮರದ್ದೇ, ಮೊದಲಿನಿಂದ ಅಲ್ಲೇ ಇದ್ದದ್ದು. ಆ ಖುಷಿಯನ್ನು ನಾನು ಇಂದಿಗೂ ಪ್ರತಿ ಕೆಲಸದಲ್ಲಿ ಹುಡುಕುತ್ತೇನೆ. ಹತ್ತರಲ್ಲಿ ಒಂದರಲ್ಲಿ ಸಿಗುತ್ತದೆ.

ಆಮೇಲೆ ಡಬ್ಬಿಯನ್ನು ಮೊದಲಿನ ಜಾಗಕ್ಕೆ ತಳ್ಳಿ ಅಡುಗೆಕೋಣೆಗೆ ಓಡಿದೆ. ಊಟಕ್ಕೆ ಕುಳಿತಾಗ ಹೆಬ್ಬೆರಳು ಕಂದಾಗಿತ್ತು. ಅಪ್ಪ ಅದನ್ನು ನೋಡಿದ. "ಕೈ ತೊಳೆದು ಬಾ," ಅಂದ, ಅಷ್ಟೇ. ಉಂಡು ಎದ್ದು ಹೋಗಿ ಬಾಗಿಲ ಎದುರು ನಿಂತ. ಬಹಳ ಹೊತ್ತು ನಿಂತ. ನಾನು ಅಡುಗೆಕೋಣೆಯಿಂದ ಅವನ ಬೆನ್ನನ್ನೇ ನೋಡುತ್ತಿದ್ದೆ. ಒದ್ದೆ ಬಟ್ಟೆ ಅವನ ಹೆಗಲ ಮೇಲೆಯೇ ಇತ್ತು. ಕೈ ಈಗ ಹೆಗಲಿಗೆ ಹೋಗುತ್ತದೆ, ಈಗ ಹೋಗುತ್ತದೆ ಎಂದು ಕಾದೆ. ಹೋಗಲಿಲ್ಲ. ಮರುದಿನ ಬೆಳಿಗ್ಗೆ ವಾರ್ನಿಷ್ ಡಬ್ಬಿ ತೆರೆದು, ಮೇಲಿನಿಂದ ಕೆಳಗೆ ಹೊಡೆದು ಮುಗಿಸಿದ. ಗಂಟು ಅವನ ಕಣ್ಣಿಗೆ ಬಿತ್ತೋ ಇಲ್ಲವೋ ಎಂದು ನನಗೆ ಗೊತ್ತಾಗಲಿಲ್ಲ. ಬಿದ್ದಿದ್ದರೆ ಅದಕ್ಕೊಂದು ಬೆಲೆ ಉಂಟೋ ಇಲ್ಲವೋ ಎಂಬುದೂ ಗೊತ್ತಾಗಲಿಲ್ಲ. ಬೈದಿದ್ದರೂ ನಾನು ಇಷ್ಟು ಒದ್ದಾಡುತ್ತಿರಲಿಲ್ಲ.

ಗೃಹಪ್ರವೇಶಕ್ಕೆ ನಮ್ಮನ್ನೂ ಉಳಿಸಿಕೊಂಡರು. ಅಮ್ಮನಿಗೆ ಒಳಗೆ ಹಾಲು ನೋಡಿಕೊಳ್ಳುವ ಕೆಲಸ. ಹೊಸ ಒಲೆಯ ಮೇಲೆ ಹಾಲು ಉಕ್ಕಬೇಕು, ಆ ಹೊತ್ತಿಗೆ ಅಮ್ಮೂಮ್ಮ ಒಳಗೆ ಕಾಲಿಡಬೇಕು, ಅದು ಶಾಸ್ತ್ರ. ಅಂಗಳದ ತುಂಬ ನೆಂಟರು. ಕಾರಿನಿಂದ ಅಮ್ಮೂಮ್ಮ ಇಳಿದರು. ಸಣ್ಣ ಆಳು, ಉಟ್ಟದ್ದು ಬಿಳಿ ಮುಂಡು, ನೆಟ್ಟಗಿನ ಬೆನ್ನು. ಮಗನ ಕೈ ಹಿಡಿದು ಮೆಟ್ಟಿಲು ಹತ್ತಿದವರು ಬಾಗಿಲ ಎದುರು ನಿಂತುಬಿಟ್ಟರು.

"ಇದೇನಿದು? ಎದುರಿನ ಬಾಗಿಲಲ್ಲಿ ಗಂಟು! ಯಾವ ಆಚಾರಿ ಕೂರಿಸಿದ್ದು ಇದನ್ನು?"

ಗಂಟಿರುವ ಹಲಗೆಯನ್ನು ಎದುರಿನ ಬಾಗಿಲಿಗೆ ಬಳಸಬಾರದು, ಬಳಸಿದರೆ ಆ ಮನೆಯಲ್ಲಿ ನೆಮ್ಮದಿ ಇರುವುದಿಲ್ಲ ಎಂಬ ನಂಬಿಕೆ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ. ಅಪ್ಪ ಗಂಟು ಬರೆಯದೆ ಇದ್ದದ್ದು ಬಾರದ್ದಕ್ಕಲ್ಲ ಎಂದು ಆ ಕ್ಷಣದಲ್ಲಿ ನನಗೆ ತಿಳಿಯಿತು. ನೆಲ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದೆ.

"ಅಮ್ಮಾ, ಮುಹೂರ್ತ ಮೀರುತ್ತದೆ," ಎಂದರು ಸಾರ್.

"ಮೀರಲಿ. ನಾನು ಇದರೊಳಗೆ ಬರುವುದಿಲ್ಲ."

"ಹಿಂದಿನ ಬಾಗಿಲಿಂದ ಬರಬಹುದಲ್ಲ?"

"ನಾನೇನು ತೆಂಗಿನಕಾಯಿ ಕದಿಯಲು ಬಂದವಳಾ?"

ಯಾರೋ ನಕ್ಕರು, ಯಾರೋ ಕೆಮ್ಮಿದರು. ಆಕಾಶಕ್ಕೆ ರಾಕೆಟ್ ಕಳಿಸುವ ಮನುಷ್ಯ ತಾಯಿಯ ಎದುರು ನೆಲ ನೋಡುತ್ತ ನಿಂತಿದ್ದರು. ಕಬ್ಬಿಣ ಎಂದರೆ ಸುಳ್ಳು ಹೊರಬೀಳುತ್ತದೆ, ತೇಗ ಎಂದರೆ ಗಂಟು ನಿಜವಾಗುತ್ತದೆ. ಕೊನೆಗೆ ಅವರ ಕಣ್ಣು ಅಪ್ಪನನ್ನು ಹುಡುಕಿತು. ಅವರ ಹಿಂದೆಯೇ ಎಲ್ಲರ ಕಣ್ಣೂ. ನಾನು ಒಳಗೆ ಬಾಗಿಲ ಮರೆಯಲ್ಲಿದ್ದೆ. ಮಕ್ಕಳ ಕಿತಾಪತಿ, ಕ್ಷಮಿಸಿ ಎಂದು ಅಪ್ಪ ಅನ್ನುತ್ತಾನೆ, ಅಲ್ಲಿಗೆ ಬ್ರಶ್ಶಿನ ಆಸೆ ಮುಗಿಯಿತು. ಅಥವಾ ನನ್ನ ಕೈತಪ್ಪು ಎಂದು ತಾನೇ ಹೊತ್ತುಕೊಳ್ಳುತ್ತಾನೆ, ಆಗಲೂ ಮುಗಿಯಿತು. ನಾನು ಯೋಚಿಸಿದ್ದು ಈ ಎರಡನ್ನೇ.

ಅಪ್ಪ ಚಪ್ಪಲಿ ಕಳಚಿ ಮೆಟ್ಟಿಲು ಹತ್ತಿ ಬಂದ. ಬಾಗಿಲನ್ನು ಪೂರ್ತಿ ತೆರೆದ, ನಾನು ಕಾಣಿಸಿಕೊಳ್ಳುವಷ್ಟು. ಅವನ ಕಾಸರಗೋಡಿನ ಮಲಯಾಳ ಕೇಳಿ ತಿರುವನಂತಪುರದವರು ಯಾವಾಗಲೂ ನಗುತ್ತಿದ್ದರು. ಆವತ್ತು ಯಾರೂ ನಗಲಿಲ್ಲ.

"ಅಮ್ಮೂಮ್ಮ, ಇಲ್ಲಿ ಒಮ್ಮೆ ನೋಡಿ," ಎಂದು ನಡುವಿನ ಬಿಜಾಗರಿಯ ಅಂಚನ್ನು ತೋರಿಸಿದ.

ಅಮ್ಮೂಮ್ಮ ಕನ್ನಡಕ ಏರಿಸಿ ಬಗ್ಗಿದರು. ಹೆಬ್ಬೆರಳಗಲದ ಆ ಕೆಂಪನ್ನು ಉಗುರಿನಿಂದ ಕೆರೆದರು. ಆಮೇಲೆ ಎರಡು ಬೆರಳಿನ ಗೆಣ್ಣಿನಿಂದ, ಥೇಟ್ ನಮ್ಮ ಮನೆಯವರ ಹಾಗೆ, ತೇಗದ ನಟ್ಟನಡುವೆ ತಟ್ಟಿದರು. ಬಾಗಿಲು ಣಣ್ ಎಂದಿತು.

"ಇದು ಕಬ್ಬಿಣ."

"ಹೌದು ಅಮ್ಮೂಮ್ಮ."

"ಹಾಗಾದರೆ ಈ ಗಂಟು?"

"ಮರವೇ ಇಲ್ಲ, ಗಂಟು ಎಲ್ಲಿಂದ ಬರಬೇಕು? ಅದನ್ನು ಬರೆದದ್ದು ನನ್ನ ಮಗಳು."

ಅವನು ನನ್ನ ಕಡೆ ಕೈ ತೋರಿಸಿ ಹೇಳಿದ. ಧ್ವನಿಯಲ್ಲಿ ಕ್ಷಮೆ ಇರಲಿಲ್ಲ. ಈ ಮಾವಿನ ಗಿಡ ನೆಟ್ಟದ್ದು ನನ್ನ ಮಗಳು ಎನ್ನುವ ಹಾಗೆ ಹೇಳಿದ. ಅಷ್ಟು ಜನರ ಎದುರು. ಅಂದರೆ ಅವನು ನೋಡಿದ್ದ. ನೋಡಿ, ಒದ್ದೆ ಬಟ್ಟೆ ಹೆಗಲ ಮೇಲಿದ್ದೂ, ಅದರ ಮೇಲೆ ವಾರ್ನಿಷ್ ಹೊಡೆದಿದ್ದ.

"ಮೋಳೇ, ಇಲ್ಲಿ ಬಾ," ಎಂದು ಅಮ್ಮೂಮ್ಮ ಸ್ವಂತ ಮಗಳನ್ನು ಕರೆಯುವ ಹಾಗೆ ಕರೆದರು. ನನ್ನ ಕೈ ಹಿಡಿದು, ಹೆಬ್ಬೆರಳನ್ನು ಎತ್ತಿ ಗಂಟಿನ ಮೇಲೆ ಇಟ್ಟರು. ಸರಿಯಾಗಿ ಕೂತಿತು. ಅವರು ಗಂಟನ್ನು ನೋಡಿದರು, ಬೆರಳನ್ನು ನೋಡಿದರು, ಮತ್ತೆ ಗಂಟನ್ನು. ಆಮೇಲೆ ಮಗನ ಕಡೆ ತಿರುಗಿದರು.

"ಇಷ್ಟು ತಿಂಗಳು ನೀನು ತೇಗ, ತೇಗ ಅಂದೆ. ಬಾಗಿಲನ್ನು ನಾನು ಒಂದು ಸಲ ಕೇಳಿದೆ, ಅದು ನಿಜ ಹೇಳಿತು."

ಯಾರೋ ನೆಂಟರು, ಇದನ್ನು ಈಗಲೇ ಅಳಿಸಿಬಿಡಿ ಎಂದು ಮುಂದೆ ಬಂದರು. ಅಮ್ಮೂಮ್ಮ ಕೈ ಅಡ್ಡ ಹಿಡಿದರು. "ಮುಟ್ಟಬೇಡಿ. ನಾನು ಹೆದರಿದ್ದಾಯಿತು, ಇನ್ನು ಬರುವವರೂ ಒಂದಿಷ್ಟು ಹೆದರಲಿ." ಅಷ್ಟು ಹೇಳಿ ಬಲಗಾಲು ಒಳಗಿಟ್ಟರು. ಅದೇ ಹೊತ್ತಿಗೆ ಒಳಗಿನಿಂದ ಅಮ್ಮ ಕೂಗಿದಳು, ಗಾಬರಿಯಲ್ಲಿ ಕನ್ನಡದಲ್ಲೇ, "ಅಯ್ಯೋ ಉಕ್ಕಿತು, ಉಕ್ಕಿತು, ಬನ್ನಿ!" ಆ ಭಾಷೆ ಬಾರದವರೂ ಅರ್ಥಮಾಡಿಕೊಂಡು ಓಡಿದರು.

ಕೊಚ್ಚಿಗೆ ಮರಳುವ ರೈಲಿನಲ್ಲಿ ನಾನು ಕೇಳಿದೆ, "ಅಪ್ಪ, ಎದುರು ಬಾಗಿಲಿಗೆ ಗಂಟು ಆಗುದಿಲ್ಲ ಅಂತ ನಿನಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

"ಮತ್ತೆ ಎಂತಕ್ಕೆ ಬಿಟ್ಟೆ?"

ಅಪ್ಪ ಕಿಟಕಿಯ ಹೊರಗೆ ನೋಡಿದ. "ಚಂದ ಇತ್ತು ಮಾರಾಯ್ತಿ. ಅದನ್ನು ನೋಡ್ತಾ ನಿಂತವನಿಗೆ ಅದು ಬಾಗಿಲು ಅನ್ನುದೇ ಮರೆತು ಹೋಯ್ತು. ನೆನಪಾದ ಮೇಲೂ ಒರೆಸ್ಲಿಕ್ಕೆ ಕೈ ಬರ್ಲಿಲ್ಲ. ಕಬ್ಬಿಣಕ್ಕೆ ಎಂತ ದೋಷ ಅಂದ್ಕೊಂಡೆ." ಆಮೇಲೆ ಚೀಲದಿಂದ ತನ್ನ ಹಳೆಯ ಬಾಚಣಿಗೆ ತೆಗೆದು, ತೊಳೆಯಲು ಕೊಡುವ ಹಾಗೆ ನನ್ನ ಮಡಿಲಿಗೆ ಹಾಕಿದ. "ಇನ್ನು ಒಳಗಿನ ಬಾಗಿಲಿನ ಗಂಟೆಲ್ಲ ನಿನ್ನದು. ಎದುರಿನದ್ದು ಮುಟ್ಟಿದ್ರೆ ಕೈ ಮುರೀತೇನೆ."

ಅಮ್ಮ ಎದುರಿನ ಸೀಟಿನಿಂದ ಗುರ್ ಎಂದಳು. "ಆಯ್ತು, ಇನ್ನು ಇವಳು ಪುಸ್ತಕ ಬಿಡ್ತಾಳೆ. ಗಂಡಿನ ಕಡೆಯವರು ಕೇಳಿದ್ರೆ ಎಂತ ಹೇಳುದು? ಹುಡುಗಿ ಗಂಟು ಬರೀತಾಳೆ ಅಂತಲಾ?" ಎರಡು ವರ್ಷ ಈ ಜಗಳ ನಡೆಯಿತು, ಗಂಜಿತೆಳಿಯ ಜಗಳವನ್ನೇ ಮರೆಸುವಷ್ಟು. ಅದನ್ನು ನಿಲ್ಲಿಸಿದ್ದು ಸರೋಜಕ್ಕ. ಅಮ್ಮ ಅವರ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತ ತನ್ನ ಗೋಳು ಹೇಳಿಕೊಳ್ಳುತ್ತಿದ್ದಳು, ನಾನು ಪಕ್ಕದಲ್ಲಿ ಚೂರು ಕದಿಯುತ್ತಿದ್ದೆ.

"ಅದಕ್ಯಾಕೆ ಅಳ್ತೀಯ ಸುಂದರಿ? ತಿರುವನಂತಪುರದಲ್ಲಿ ಅದಕ್ಕೇ ಕಾಲೇಜಿದೆ ಕಣೇ. ಚಿತ್ರ ಬರೆದೇ ಡಿಗ್ರಿ ತಗೋಬಹುದು."

ತುರಿಯುವ ಸದ್ದು ನಿಂತಿತು. "ಬಣ್ಣ ಬಳೀಲಿಕ್ಕೂ ಡಿಗ್ರಿ ಉಂಟಾ ಅಕ್ಕ?"

"ಇದೆ ಕಣೇ. ನಾಲ್ಕು ವರ್ಷದ್ದು."

ಅಮ್ಮ ಕೈಯ ತುರಿಯನ್ನು ಪಾತ್ರೆಗೆ ಕೊಡವಿದಳು. ಆಮೇಲೆ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು, "ಮತ್ತೆ ಕೂತು ತಿನ್ನುದೆಂತ? ಹೋಗಿ ಓದು," ಎಂದಳು.

ಶಾಲೆ ಮುಗಿಸಿ ನಾನು ಆ ಕಾಲೇಜಿಗೇ ಸೇರಿದೆ. ಆ ನಾಲ್ಕು ವರ್ಷ ಸುಲಭವಾಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಕಲೆಯ ಚರಿತ್ರೆಯ ಪೇಪರು ಇಂಗ್ಲಿಷಿನಲ್ಲಿ. ಅದರಲ್ಲಿ ಎರಡು ಸಲ ಫೇಲಾದೆ. ಹಾಸ್ಟೆಲಿನಲ್ಲಿ ಜೊತೆಯವರ ಅಪ್ಪಂದಿರು ಡಾಕ್ಟರು, ಪ್ರೊಫೆಸರು. ಶನಿವಾರ ಭಾನುವಾರ ಅವರು ಸಿನಿಮಾಕ್ಕೆ ಹೋದರೆ ನಾನು ಕಳಕ್ಕೂಟಂಗೆ ಬಸ್ ಹತ್ತಿ, ಕೆಲಸಕ್ಕೆಂದು ಬಂದಿರುತ್ತಿದ್ದ ಅಪ್ಪನ ಜೊತೆ ಬಾಗಿಲು ಬರೆಯುತ್ತಿದ್ದೆ. ಮೊದಲ ವರ್ಷ ಒಬ್ಬ ಮೇಷ್ಟರು ನನ್ನ ಕೆಲಸ ನೋಡಿ, ಕ್ಲಾಸಿನ ಎದುರು, "ಇದು ಬಾಗಿಲು ಬಳಿಯುವವರ ಕೈ," ಎಂದರು. ಎಲ್ಲರೂ ನಕ್ಕರು. "ಹೌದು ಸಾರ್, ಮೊನ್ನೆ ಭಾನುವಾರವೂ ಎರಡು ಬಳಿದೆ," ಎಂದೆ. ಅದೇ ಕೈಗೆ ಕೊನೆಯ ವರ್ಷ ಕಾಲೇಜಿನ ಮೊದಲ ಬಹುಮಾನ ಬಂತು, ಕೊಟ್ಟವರೂ ಅದೇ ಮೇಷ್ಟರು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲ ಜೀವ ನಾನು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಯಾರೂ ಕೇಳದಿದ್ದರೂ ಹೇಳುತ್ತೇನೆ.

ಸರ್ಟಿಫಿಕೇಟು ತಂದ ದಿನ ಅಪ್ಪ ಅದನ್ನು ತೆಗೆದುಕೊಂಡು ಹೊರಗೆ ಹೋದ. ಮರಳಿ ಬಂದಾಗ ಅದಕ್ಕೆ ಕಟ್ಟು ಹಾಕಿಸಿದ್ದ. ತೇಗ. ಆಚಾರಿಯ ಎದುರು ನಿಂತು ಕುಯ್ಯಿಸಿ, ತಾನೇ ಉಜ್ಜಿ, ಮೇಲೆ ಬಣ್ಣದ ಒಂದು ತೊಟ್ಟೂ ಬೀಳದ ಹಾಗೆ ಮಾಡಿಸಿದ ಅಸಲು ತೇಗ. ನಮ್ಮ ಮನೆಗೆ ಬಂದ ಮೊದಲ ತೇಗದ ತುಂಡು. ಅಮ್ಮ ಅದನ್ನು ಎದುರಿನ ಗೋಡೆಗೆ ತೂಗುಹಾಕಿ, ಸರೋಜಕ್ಕನ ಮನೆಯ ಗಾಜು ಒರೆಸುತ್ತಿದ್ದ ಹಾಗೆ ಸೆರಗಿನಿಂದ ಒರೆಸಿದಳು. ತಮಾಷೆ ಏನೆಂದರೆ, ಬಂದವರು ಯಾರೂ ಅದನ್ನು ನಂಬುವುದಿಲ್ಲ. ಬಾಬಣ್ಣಾ, ಇದನ್ನು ಬರೆದದ್ದು ಬಹಳ ಚೆನ್ನಾಗಿದೆ ಎನ್ನುತ್ತಾರೆ. ಇದು ಅಸಲು, ತಟ್ಟಿ ನೋಡಿ ಎಂದು ಅಪ್ಪ ಇವತ್ತಿಗೂ ಎಲ್ಲರ ಹತ್ತಿರ ಜಗಳವಾಡುತ್ತಾನೆ.

ಈಗ ನಾನು ಮಾಡುವುದೂ ಅಪ್ಪನ ಕೆಲಸವನ್ನೇ. ಕೆಡವಿದ ಮನೆಗಳ ಕಬ್ಬಿಣದ ಬಾಗಿಲುಗಳನ್ನು ಗುಜರಿಯಿಂದ ತಂದು ಅವುಗಳ ಮೇಲೆ ಮರ ಬರೆಯುತ್ತೇನೆ, ಮರದ ಹಲಗೆಯ ಮೇಲೆ ತುಕ್ಕು ಹಿಡಿದ ಕಬ್ಬಿಣ ಬರೆಯುತ್ತೇನೆ. ನನ್ನ ಚಿತ್ರಗಳ ಬಗ್ಗೆ ಬರೆಯುವವರು ಭ್ರಮೆ, ವಾಸ್ತವ ಎಂದೆಲ್ಲ ದೊಡ್ಡ ಮಾತು ಬಳಸುತ್ತಾರೆ. ಬಳಸಲಿ, ಸಂತೋಷ. ನನಗೆ ಅದು ಗಂಜಿತೆಳಿ ಮತ್ತು ಸೈಕಲ್ ಟ್ಯೂಬು. ಕೊಚ್ಚಿಯಲ್ಲಿ ನನ್ನದೇ ದೊಡ್ಡ ಪ್ರದರ್ಶನ ಆದಾಗ ನಾನು ಇಟ್ಟ ಷರತ್ತು ಒಂದೇ, ಮುಟ್ಟಬೇಡಿ ಎಂಬ ಬೋರ್ಡು ಇರಬಾರದು. ತಟ್ಟಿ ನೋಡಿ ಎಂದು ಮೂರು ಭಾಷೆಯಲ್ಲಿ ಬರೆಸಿದೆ, ಕನ್ನಡ ಮೊದಲು. ಗ್ಯಾಲರಿಯವರು ಹೌಹಾರಿದರು. ಉದ್ಘಾಟನೆಯ ದಿನ ಆ ದೊಡ್ಡ ಹಾಲ್ ತುಂಬ ಜನ ಗೆಣ್ಣು ಮಡಚಿಕೊಂಡು ಟಕಟಕ, ಣಣ್ ಣಣ್ ಎಂದು ತಟ್ಟುತ್ತ ತಿರುಗಿದರು. ಪೇಟೆಯ ಶ್ರೀಮಂತರು, ವಿಮರ್ಶಕರು, ಕಾಲೇಜಿನ ಹುಡುಗಿಯರು, ಎಲ್ಲರೂ ನಮ್ಮ ಮನೆಯವರ ಹಾಗೆ. ಅಮ್ಮ ಹೊಸ ಸೀರೆ ಉಟ್ಟು ಬಾಗಿಲಲ್ಲೇ ನಿಂತಿದ್ದಳು. ಬಂದವರಿಗೆಲ್ಲ, "ಇವಳು ಡಿಗ್ರಿ ಮಾಡಿದ್ದಾಳೆ," ಎಂದು ಕನ್ನಡದಲ್ಲಿ ಹೇಳುತ್ತಿದ್ದಳು.

ಅಪ್ಪ ಮಾತ್ರ ಯಾವುದನ್ನೂ ತಟ್ಟಲಿಲ್ಲ. ಎಲ್ಲರೂ ಎದುರಿನಿಂದ ನೋಡುತ್ತಿದ್ದ ಅತಿ ದೊಡ್ಡ ಬಾಗಿಲಿನ ಪಕ್ಕಕ್ಕೆ ಹೋಗಿ, ಗೋಡೆಗೂ ಅದಕ್ಕೂ ನಡುವಿನ ಸಂದಿಯಲ್ಲಿ ತಲೆ ತೂರಿಸಿ, ಕನ್ನಡಕ ಹಣೆಗೇರಿಸಿ ಏನನ್ನೋ ಹುಡುಕಿದ. ಐದನೆಯ ಕ್ಲಾಸಿನವಳ ಹಾಗೆ ಅವನ ಬೆನ್ನನ್ನೇ ನೋಡುತ್ತ ನಿಂತೆ. ನಡುವಿನ ಬಿಜಾಗರಿಯ ಅಂಚಿನಲ್ಲಿ ನಾನು ಬಿಟ್ಟಿದ್ದ ಕೆಂಪು ಜಾಗ ಅವನಿಗೆ ಸಿಕ್ಕಿತು. ಅದರ ಮೇಲೆ ತನ್ನ ಹೆಬ್ಬೆರಳನ್ನು ಇಟ್ಟ. ಬೆರಳು ಎರಡೂ ಬದಿಗೆ ಹೊರಗೆ ಉಳಿಯಿತು. ತಲೆ ಹೊರಗೆಳೆದು, ನನ್ನನ್ನು ಹತ್ತಿರ ಕರೆದು, ಜೊತೆ ಕೆಲಸದವನಿಗೆ ಹೇಳುವ ಧ್ವನಿಯಲ್ಲಿ ಹೇಳಿದ:

"ಸಣ್ಣದಾಯ್ತು. ಇನ್ನೂ ಸ್ವಲ್ಪ ದೊಡ್ಡದು ಬಿಡು. ನಮ್ಮ ಕೆಲಸ ಅಲ್ವಾ, ಹೆದರುದೆಂತಕ್ಕೆ?"

ಆಮೇಲೆ ಬರೆದ ಬಾಗಿಲುಗಳಿಗೆಲ್ಲ ನಾನು ಎರಡು ಹೆಬ್ಬೆರಳಗಲ ಬಿಡುತ್ತಿದ್ದೇನೆ.